ಕುಂಟೆ ಹೊಡೆದ ನಾಲ್ಕು ದಿನ

"ಅಕ್ಕಾ, ನನ್ ಪಿಎಚ್.ಡಿ. ರದ್ದು ಮಾಡ್ತಾರಂತೆ. ಆ ಪಟ್ಟಿ ನಾನು ಬರೆದಿದ್ದಲ್ಲ," ಎಂದ ಬಸವೇಶ.

ಪಲ್ಲವಿ ಹೊಸದುರ್ಗದ ಒಂದು ಕಾಲೇಜಿನ ಸಂಶೋಧನಾ ವಿಭಾಗದ ಗುಮಾಸ್ತೆ. ಶೇಂಗಾ ಬೆಳೆಗೆ ಎಷ್ಟು ಸಲ ಎಡೆಕುಂಟೆ ಹೊಡೆದು ಕಳೆ ತೆಗೆದರೆ ಇಳುವರಿ ಹೆಚ್ಚು ಎಂಬ ಪ್ರಬಂಧವನ್ನು ಬಸವೇಶ ಮತ್ತು ಅವನ ಮಾರ್ಗದರ್ಶಕ ರಾಜಶೇಖರ್ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದರು. ಅಂಕಿಗಳ ಮೇಲೆ ಅನುಮಾನವಿದೆಯೆಂದು ಪತ್ರಿಕೆಯವರು ಮೂಲ ದಾಖಲೆ ಕೇಳಿದಾಗ, ಬಸವೇಶನ ನೋಟ್‌ಬುಕ್ಕಿಗೂ ಕುಂಟೆ ಹೊಡೆದ ದಿನಗಳ ಅಚ್ಚಾದ ಪಟ್ಟಿಗೂ ತಾಳೆಯಾಗಲಿಲ್ಲ. "ಹುಡುಗ ಕೊಟ್ಟಿದ್ದನ್ನೇ ಕಳಿಸಿದೆ," ಎಂದಿದ್ದರು ರಾಜಶೇಖರ್.

ಪ್ರಿನ್ಸಿಪಾಲ್ ಪಂಚಾಕ್ಷರಪ್ಪನವರ ಅನುಮತಿ ಪಡೆದು ಪಲ್ಲವಿ ಬಸವೇಶನನ್ನು ಕಾಲೇಜಿನೆದುರಿನ ಬೈಂಡಿಂಗ್ ಅಂಗಡಿಗೆ ಕರೆದೊಯ್ದಳು. ಕಾಲೇಜಿನ ಎಷ್ಟೋ ಗಂಟುಗಳನ್ನು ಬಿಡಿಸಿದ್ದ ದಿಲಾವರ್ ಸಾಬರು ಬೈಂಡ್ ಮಾಡುವ ಪ್ರತಿ ಪುಟವನ್ನೂ ಓದುತ್ತಿದ್ದರು.

"ಕುಂತ್ಕಳ್ರಿ. ಕುಂಟೆ ಹೊಡೆದಿದ್ದು ಯಾರ ಎತ್ತು?"

"ನಮ್ಮವೇ ಸಾಬ್ರೇ, ಶ್ರೀರಾಂಪುರದಾಗೆ."

ಸಾಬರು ಅಚ್ಚಾದ ಪಟ್ಟಿಯನ್ನು ನೋಡಿದರು: ೨೦೨೩, ಜುಲೈ ೧೦, ೧೭, ೨೪, ೩೧. ನೋಟ್‌ಬುಕ್ಕಿನಲ್ಲಿ ಎರಡೇ ದಿನ, ಅವೂ ಬೇರೆ ತಾರೀಖಿನವು. ಉಳಿದ ಎರಡು ವಾರ ಮಳೆಯೆಂದು ಖಾಲಿ.

"ಮೇಷ್ಟ್ರು ಹೊಲಕ್ಕೆ ಹೋಗಿದ್ದರ ದಾಖಲೆ ಐತಾ?"

"ಅವರ ಪ್ರವಾಸದ ದಿನಚರಿ ನನ್ನ ಬೀರುವಿನಲ್ಲೇ ಇದೆ," ಎಂದಳು ಪಲ್ಲವಿ. ಬೀಗದ ಕೈ ಅವಳ ಹತ್ತಿರ ಮಾತ್ರ ಇತ್ತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ಪಲ್ಲವಿ ದಿನಚರಿಯನ್ನು ಮೇಜಿನ ಮೇಲಿಟ್ಟಳು.

"ಆ ನಾಲ್ಕು ದಿನ ಯಾವ ವಾರ, ನೋಡ್ರಿ ಸ್ವಾಮಿ," ಎಂದು ಸಾಬರು ಹಳೆಯ ಕ್ಯಾಲೆಂಡರ್ ಹರಡಿದರು.

ಪಂಚಾಕ್ಷರಪ್ಪ ತಲೆಯೆತ್ತಿದರು. "ನಾಲ್ಕೂ ಸೋಮವಾರ! ಬಸವಣ್ಣನ ವಾರ ಎತ್ತಿಗೆ ನೊಗ ಹಾಕ್ತಾರೇನ್ರಿ? ನಮ್ಮ ಮನೇಲೂ ಹಾಕಲ್ಲ."

"ಟ್ರ್ಯಾಕ್ಟರ್ ಇರಬಹುದು," ಎಂದರು ರಾಜಶೇಖರ್.

"ಜೋಡೆತ್ತು ಅಂತ ನೀವೇ ಅಚ್ಚು ಹಾಕ್ಸೀರಿ ಸಾರ್," ಎಂದರು ಸಾಬರು. "ಸುಳ್ಳು ಬರೆಯೋದಾದ್ರೂ ಈ ಹುಡುಗ ಸೋಮವಾರ ಬರೀತಿರಲಿಲ್ಲ. ಅದು ಅವನ ಮನೆ ಎತ್ತಿನ ರಜ. ನಿಮಗೆ ಪಾಠ ಇಲ್ಲದ ದಿನವೂ ಸೋಮವಾರವೇ. ದಿನಚರೀಲಿ ಆ ನಾಲ್ಕೂ ದಿನ 'ಕುಂಟೆ ಕೆಲಸ ನೋಡಿದೆ' ಅಂತ ಬರೆದು ಸಹಿ ಹಾಕೀರಿ. ಅದಕ್ಕೆ ಹೊಂದೋ ಹಾಗೆ ಪಟ್ಟಿ ಮಾಡಿದ್ರಿ. ಆ ದಿನಚರಿ ಹುಡುಗ ಕಂಡೇ ಇಲ್ಲ."

ಪಂಚಾಕ್ಷರಪ್ಪ ಮೆಲ್ಲಗೆ ಕೇಳಿದರು: "ಒಂದ್ ಸಲನಾದ್ರೂ ಆ ಹೊಲಕ್ಕೆ ಹೋಗಿದ್ರೇನ್ರಿ?"

ರಾಜಶೇಖರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖಾಲಿ ಬಿಟ್ಟರೆ ಪತ್ರಿಕೆಯವರು ತಗೊಳ್ತಿರಲಿಲ್ಲ," ಎಂದರು.

ಪ್ರಬಂಧವನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಪಲ್ಲವಿ ಎರಡು ಸಲ ತಿದ್ದಿ ಬರೆದಳು. ತಪ್ಪು ಯಾರದೆಂದು ಹೆಸರು ಹಿಡಿದೇ ಬರೆದಳು. ಬಸವೇಶನ ನೋಂದಣಿ ಉಳಿಯಿತು, ಮಾರ್ಗದರ್ಶಕರು ಬದಲಾದರು.

"ಪೇಪರ್ ಹೋಯ್ತಲ್ಲ ಸಾಬ್ರೇ," ಎಂದ ಅವನು ಅಂಗಡಿಯಲ್ಲಿ.

"ಹೊಲ ಅಲ್ಲೇ ಐತಲ್ಲಪ್ಪ," ಎಂದು ದಿಲಾವರ್ ಸಾಬರು ಅವನ ನೋಟ್‌ಬುಕ್ಕಿಗೆ ಗಟ್ಟಿ ರಟ್ಟು ಹಾಕಿಕೊಟ್ಟರು. ಖಾಲಿ ಹಾಳೆಗಳನ್ನೂ ಸೇರಿಸಿಯೇ ಹೊಲಿದಿದ್ದರು.