ಹನ್ನೊಂದನೇ ಟೋಕನ್ನಿನ ಹೃದಯ

"ಹೃದಯ ಚೆನ್ನಾಗಿದೆ ಅಂತ ಬರೆದಿದ್ದೀರಲ್ಲ, ಅದನ್ನ ಹೊಡೆದುಹಾಕಿ!" ಎನ್ನುತ್ತ ಆ ಹೆಂಗಸು, ಹೃದಯದ ಸ್ಕ್ಯಾನ್ ಮಾಡುವ ನಮ್ಮ ಎಕೋ ಕೋಣೆಗೆ ನುಗ್ಗಿದಳು.

ಅವಳ ಗಂಡ ಕ್ರೇನ್ ಆಪರೇಟರ್. ಹೃದಯಾಘಾತವಾಗಿ ಮೂರು ತಿಂಗಳಾಗಿತ್ತು. ಮೊದಲ ಎಕೋದಲ್ಲಿ ಅವನ ಹೃದಯದ ಪಂಪಿನ ಶಕ್ತಿ ಶೇಕಡಾ ಇಪ್ಪತ್ತೆಂಟು. ಕಳೆದ ವಾರದ್ದರಲ್ಲಿ ಐವತ್ತೆಂಟು, ಅಂದರೆ ಆರೋಗ್ಯವಂತರಷ್ಟು. ಅದನ್ನು ನಂಬಿ ಡಾಕ್ಟರು, ಬಡಿತ ಹದಗೆಟ್ಟರೆ ಶಾಕ್ ಕೊಟ್ಟು ಉಳಿಸುವ ಪುಟ್ಟ ಯಂತ್ರವನ್ನು ಎದೆಯಲ್ಲಿ ಕೂರಿಸುವುದು ಬೇಡವೆಂದಿದ್ದರು. ಕೆಲಸಕ್ಕೂ ಒಪ್ಪಿಗೆ ಕೊಟ್ಟಿದ್ದರು.

"ಹತ್ತು ಮೆಟ್ಟಿಲಿಗೇ ಕೂತುಬಿಡ್ತಾರೆ. ನಾಳೆ ಅರವತ್ತು ಮೀಟರ್ ಏಣಿ ಹತ್ತುತ್ತಾರಂತೆ! ನಾನು ಬೇಡ ಅಂದ್ರೆ, ನೀನೇನು ಡಾಕ್ಟರಾ ಅಂತಾರೆ. ನಿಮ್ಮ ಕಾಲಿಗೆ ಬೀಳ್ತೀನಿ."

ದೊಡ್ಡಕ್ಕ ಅವಳನ್ನು ಹಿಡಿದು ಕೂರಿಸಿದಳು. ದೊಡ್ಡಕ್ಕ ನಮ್ಮ ಹಿರಿಯ ಟೆಕ್ನಿಷಿಯನ್. ಆಸ್ಪತ್ರೆಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಎಲ್ಲರೂ ಬರುವುದು ಅವಳ ಹತ್ತಿರ. ನಾನು ಅವಳ ಕೈಕೆಳಗಿನ ಟೈಪಿಸ್ಟ್, ರೋಗಿಗಳ ಟೋಕನ್ ಕರೆಯುವುದೂ ನಾನೇ. ಕಳೆದ ವಾರ ಅವಳು ರಜೆಯಲ್ಲಿದ್ದಳು, ಬದಲಿ ಟೆಕ್ನಿಷಿಯನ್ ಎಕೋ ಮಾಡಿದ್ದ.

ದೊಡ್ಡಕ್ಕ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಓಡಿಸಿದಳು. ಮೊದಲನೆಯದರಲ್ಲಿ ಹೃದಯದ ಮುಂದಿನ ಗೋಡೆ ಕಾಗದದಷ್ಟು ತೆಳುವಾಗಿ ಸುಮ್ಮನಿತ್ತು. ಎರಡನೆಯದರಲ್ಲಿ ಅದೇ ಗೋಡೆ ದಪ್ಪವಾಗಿ, ಹುರುಪಿನಿಂದ ಕುಣಿಯುತ್ತಿತ್ತು. ಅಜ್ಜಿಯ ಕತೆಗಳಲ್ಲಿ ಸತ್ತವರು ಎದ್ದು ಕೂರುತ್ತಿದ್ದರು. ಇಲ್ಲೂ ಹಾಗೇ ಆಗಿರಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು.

"ಎರಡನೇ ಚಿತ್ರದ ಕೆಳಗೆ ಬಡಿತದ ಗೆರೆ ನೋಡು," ಎಂದಳು ದೊಡ್ಡಕ್ಕ. ನಿಮಿಷಕ್ಕೆ ತೊಂಬತ್ತೆರಡು ಬಡಿತ. ಪ್ರತಿ ನಾಲ್ಕಕ್ಕೊಂದು ಎಡವುತ್ತಿತ್ತು. "ಅವತ್ತು ಇವರ ಗಂಡನ ಟೋಕನ್ ಹನ್ನೊಂದು. ಹೇಗೆ ಕರೆದೆ?"

"ಎಂದಿನ ಹಾಗೇ... ಹನ್ನೊಂದೂ ಅಂತ."

"ಮುಖ ನೋಡಿದೆಯಾ?"

ನಾನು ನೋಡಿರಲಿಲ್ಲ.

"ಅವತ್ತು ಜೊತೆಗೆ ಯಾರು ಬಂದಿದ್ದರಮ್ಮ?"

"ಮಗ, ಮೈದುನ. ನಾನು ಕೆಲಸಕ್ಕೆ ಹೋಗಿದ್ದೆ."

ಮಧ್ಯಾಹ್ನ ದೊಡ್ಡಕ್ಕ ಗಂಡ, ಹೆಂಡತಿ, ಮಗ, ಮೈದುನ ನಾಲ್ವರನ್ನೂ ಕರೆಸಿದಳು. ಮೊದಲು ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು: ಐವತ್ತನಾಲ್ಕು. ಮಗನದು ಗಡಿಯಾರದಂತೆ ಸರಿಯಾಗಿತ್ತು.

"ಕೈ ನೋಡಿ ಭವಿಷ್ಯ ಹೇಳ್ತೀರಾ?" ಎಂದು ಮೈದುನ ನಕ್ಕ.

"ಹಿಂದಿನದನ್ನ ಹೇಳ್ತೀನಿ, ಕೊಡಿ." ಅವನ ಕೈ ಹಿಡಿದು ಎಣಿಸಿದಳು. "ಒಂದು, ಎರಡು, ಮೂರು... ನಾಲ್ಕನೆಯದು ಎಡವಿತು."

ಅವನ ನಗು ಆರಿಹೋಯಿತು.

"ಆಘಾತಕ್ಕೆ ಬೆಚ್ಚಿ ಮಂಕಾದ ಸ್ನಾಯು ಮತ್ತೆ ಎಚ್ಚರವಾಗಬಹುದು," ದೊಡ್ಡಕ್ಕ ವಿವರಿಸಿದಳು. "ಸತ್ತು ತೆಳುವಾದದ್ದು ದಪ್ಪ ಆಗಲ್ಲ. ನಿಮ್ಮಣ್ಣ ಬಡಿತ ನಿಧಾನ ಮಾಡೋ ಮಾತ್ರೆ ತಗೋತಾರೆ, ಚಿತ್ರದಲ್ಲಿ ತೊಂಬತ್ತೆರಡಿತ್ತು. ಚಿತ್ರ ಅದಲುಬದಲಾಗಿದ್ದರೆ ಅವತ್ತಿನ ಇನ್ಯಾರದ್ದೋ ರಿಪೋರ್ಟಿನಲ್ಲಿ ಇವರ ಹೃದಯ ಸಿಗಬೇಕಿತ್ತು. ಎಲ್ಲಾ ನೋಡಿದೆ, ಸಿಕ್ಕಿಲ್ಲ. ಹಾಗಾದರೆ ಬದಲಾಗಿದ್ದು ಮನುಷ್ಯ. ನಾವು ಕರೆಯೋದು ನಂಬರನ್ನ. ಎಡಮಗ್ಗುಲಿಗೆ ಮಲಗಿಸಿದ ಮೇಲೆ ನಮಗೆ ಕಾಣೋದು ಬೆನ್ನು. ಹೃದಯ ನೋಡೋ ಕೋಣೆಯಲ್ಲಿ ಮುಖ ಯಾರೂ ನೋಡಲ್ಲ."

"ಬೇಡ ಅಂದೆ ಅತ್ತಿಗೆ," ಮೈದುನ ತೊದಲಿದ. "ಅಣ್ಣ ಅತ್ತುಬಿಟ್ಟ. ಅವನು ಅತ್ತಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ."

"ಇಪ್ಪತ್ತೆರಡು ವರ್ಷ ಕ್ರೇನಿನ ಮೇಲೆ ಕೂತವನು," ರೋಗಿ ನೆಲ ನೋಡುತ್ತ ಹೇಳಿದ. "ಯಂತ್ರ ಹಾಕಿಸ್ಕೊಂಡ್ರೆ ಮೇಲೆ ಹತ್ತಿಸಲ್ಲ, ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸ್ತಾರೆ, ಅಷ್ಟೆ."

"ನಾವು ನಿಮ್ಮನ್ನ ಎಲ್ಲಿ ಕೂರಿಸ್ಕೊಂಡಿದ್ದೀವಿ ಅಂತ ಒಂದು ಸಲಾನಾದ್ರೂ ಕೇಳಿದ್ರಾ?" ಹೆಂಡತಿಯ ದನಿ ಒಡೆಯಿತು.

ದೊಡ್ಡಕ್ಕ ಅವನನ್ನು ಮಲಗಿಸಿ ಮತ್ತೆ ಎಕೋ ಮಾಡುತ್ತ, ಪರದೆಯನ್ನು ಗಂಡ ಹೆಂಡತಿಯ ಕಡೆಗೆ ತಿರುಗಿಸಿದಳು. ಶೇಕಡಾ ಇಪ್ಪತ್ತೇಳು. ಅವನು ಕತ್ತು ಹೊರಳಿಸಿ ನೋಡಿದ.

"ಆ ಕಡೆ ಗೋಡೆ ಸತ್ತಿದೆಯಾ?"

"ಸತ್ತಿದೆ."

"ಉಳಿದದ್ದು?"

"ಅದರ ಪಾಲಿನದನ್ನೂ ಸೇರಿಸಿ ದುಡೀತಿದೆ."

ಅವನು ಹೆಂಡತಿಯ ಕೈ ಹುಡುಕಿ ಹಿಡಿದ. ಆಮೇಲೆ, "ಯಂತ್ರ ಹಾಕಿಸ್ಕೋತೀನಿ ಕಣೇ," ಎಂದ.

ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಪರದೆಯ ಮೇಲಿನ ಆ ಬಡ ಹೃದಯ ಇನ್ನೊಂದು ಸಲ ಬಡಿಯಲಿ ಎಂದು ಉಸಿರು ಬಿಗಿಹಿಡಿದು ಕಾದಳು. ಬಡಿಯಿತು. ಮತ್ತೆ ಕಾದಳು.