ಎರಡು ರೇವುಗಳ ನಡುವೆ ಒಂದು ಮನೆ

ಆಂಬ್ರೋಸ್ ಫೋಲಿಯನ್ನು ಮೊದಲ ಸಲ ಕಂಡಾಗ ಒಂದು ಬಕೆಟ್ ಮೀನು ತೊಳೆದ ನೀರನ್ನು ಅವನ ತಲೆಯ ಮೇಲೆ ಸುರಿದೆ.

ತಪ್ಪು ನನ್ನದಲ್ಲ. ಅದು 1967ರ ವಸಂತ. ನ್ಯೂಫೌಂಡ್‌ಲೆಂಡಿನ ನಮ್ಮ ಮಾರ್ಲಿ ದ್ವೀಪದಿಂದ ಸಾಹುಕಾರ ತನ್ನ ಅಂಗಡಿಗೂ ಮೀನಿನ ಕೊಟ್ಟಿಗೆಗೂ ಬೀಗ ಜಡಿದು ಹೊರಟುಹೋಗಿದ್ದ. ನಮ್ಮ ಉಪ್ಪುಮೀನು ಕೊಳ್ಳುವವರೇ ಇರಲಿಲ್ಲ. ಸರ್ಕಾರವಂತೂ ದ್ವೀಪ ಖಾಲಿ ಮಾಡಿ ಪಟ್ಟಣಕ್ಕೆ ಹೋಗಿ ಎಂದು ಅಧಿಕಾರಿಗಳ ಮೇಲೆ ಅಧಿಕಾರಿಗಳನ್ನು ಕಳಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವನೋ ಅಪರಿಚಿತ ಟೇಪು ಹಿಡಿದು ಸಾಹುಕಾರನ ಕೊಟ್ಟಿಗೆಯನ್ನು ಅಳೆಯುತ್ತಿದ್ದರೆ ಇನ್ನೇನು ಮಾಡಬೇಕಿತ್ತು?

"ಹೋಗಿ ಹೇಳು ನಿಮ್ಮ ಸರ್ಕಾರಕ್ಕೆ, ನಾವು ಎಲ್ಲಿಗೂ ಹೋಗಲ್ಲ ಅಂತ!"

ಅವನು ರೆಪ್ಪೆಗೆ ಅಂಟಿದ್ದ ಮೀನಿನ ಪೊರೆಯನ್ನು ನಿಧಾನವಾಗಿ ತೆಗೆದ. ಅದರ ಹಿಂದಿನಿಂದ ಕಡಲಿನಷ್ಟೇ ಬೂದು ಬಣ್ಣದ ಒಂದು ಕಣ್ಣು ಹೊರಬಂತು.

"ಸರ್ಕಾರಕ್ಕೂ ನನಗೂ ಮಾತಿಲ್ಲ ಮಾರಾಯ್ತಿ. ನಾನು ತೆಂಕಣ ರೇವಿನ ಪ್ಯಾಟ್ರಿಕ್ ಫೋಲಿ ಮಗ. ಇಲ್ಲಿ ದೋಣಿ ಕಟ್ಟೋಕೆ ಜಾಗ ಸಾಲುತ್ತಾ ಅಂತ ನೋಡ್ತಿದ್ದೆ."

"ಯಾರ ದೋಣಿ?"

"ಎಲ್ಲರದ್ದೂ. ದೊಡ್ಡದು, ಹೊರಗಡಲಿಗೆ ಹೋಗೋವಂಥದ್ದು. ಕಟ್ಟೋದೂ ನಾವೇ, ಹಿಡಿಯೋದೂ ನಾವೇ, ಮಾರೋದೂ ನಾವೇ. ಆಮೇಲೆ ಸಾಹುಕಾರ ಯಾಕೆ ಬೇಕು?"

"ಕೊಟ್ಟಿಗೆಗೆ ಬೀಗ ಇದೆಯಲ್ಲ?"

"ಇದೆ. ಅದನ್ನ ಮಾಡಿದ್ದು ನಮ್ಮೂರ ಕಮ್ಮಾರ ತಾನೆ?"

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. ನಾನು ಬಕೆಟ್ ಎತ್ತಿಕೊಂಡು ಮನೆಗೆ ನಡೆದೆ. ಅರ್ಧ ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದೆ. ಅವನು ಅಳೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

ಆಂಬ್ರೋಸ್ ಹಲವು ವರ್ಷ ನೋವಾ ಸ್ಕೋಷಿಯಾದಲ್ಲಿ ದೋಣಿ ಕಟ್ಟುವ ಕೆಲಸದಲ್ಲಿದ್ದವನು. ಅಲ್ಲಿ ಇರದಿದ್ದರೂ ನನಗೆ ಅವನ ಗುರುತು ಇರುತ್ತಿರಲಿಲ್ಲ. ತೆಂಕಣ ರೇವಿನವರು ಕ್ಯಾಥೊಲಿಕರು, ಬಡಗಣ ರೇವಿನ ನಾವು ಪ್ರೊಟೆಸ್ಟೆಂಟರು. ನಡುವೆ ಕಲ್ಲುಬೋರೆ. ಇಗರ್ಜಿ ಬೇರೆ, ಸ್ಕೂಲು ಬೇರೆ, ಸತ್ತರೆ ಹೂಳುವ ಜಾಗವೂ ಬೇರೆ. ಇಬ್ಬರಿಗೂ ಒಂದೇ ಆಗಿದ್ದದ್ದು ಸಾಹುಕಾರ. ಈಗ ಅವನೂ ಇಲ್ಲ.

ಸಂಘ ಕಟ್ಟುವ ಮಾತಿಗೆಂದು ಆಂಬ್ರೋಸ್ ಬೋರೆ ಹತ್ತಿಳಿದು ನಮ್ಮ ಅಡುಗೆಮನೆಗೆ ಬರತೊಡಗಿದ. ಅಪ್ಪ ಹೆಡ್ಲಿ ಬಡ್ಜೆಲ್ ನಮ್ಮ ರೇವಿನ ಹಿರಿಯ. ಅವನು ಒಪ್ಪದೆ ಯಾರೂ ಒಪ್ಪುತ್ತಿರಲಿಲ್ಲ. ಅಪ್ಪನೊಂದಿಗೆ ಉಪ್ಪು, ಹಗ್ಗ, ಹಲಗೆ ಎಂದು ಗಂಭೀರವಾಗಿ ಮಾತಾಡುತ್ತಲೇ ಆಂಬ್ರೋಸನ ಕಣ್ಣು ನನ್ನ ಕೈಯ ಹಿಂದೆ ಕೆಟಲಿನಿಂದ ಕಪ್ಪಿಗೆ, ಕಪ್ಪಿನಿಂದ ಬ್ರೆಡ್ಡಿಗೆ ಓಡಾಡುತ್ತಿತ್ತು.

"ಇನ್ನೂ ಚಹಾ ಬೇಕಾ?" ಎಂದೆ ಒಂದು ಸಂಜೆ. "ಬೋರೆ ದಾಟೋವಷ್ಟರಲ್ಲಿ ಹೊಟ್ಟೇಲಿ ಅಲೆ ಏಳುತ್ತೆ, ನೋಡ್ಕೋ."

"ಏಳಲಿ. ಕಡಲಿನವನಿಗೆ ಅಲೆ ಏನು ಹೊಸದಾ?"

ಅಪ್ಪ ಕೆಮ್ಮಿದ. ಅದು ನೆಗಡಿಯ ಕೆಮ್ಮಲ್ಲ.

ಕೊನೆಗೊಂದು ಭಾನುವಾರ ಮಧ್ಯಾಹ್ನ ನಮ್ಮ ಸ್ಕೂಲಿನಲ್ಲಿ ಸಭೆ ಸೇರಿತು. ಮುನಿಸಿಕೊಂಡ ಬೀಗರ ಹಾಗೆ ಎರಡು ರೇವಿನವರು ಎರಡು ಗೋಡೆಗೆ ಒತ್ತಿ ಕುಳಿತಿದ್ದರು. ಅಧ್ಯಕ್ಷತೆಗೆ ಕೂತ ಮೇಷ್ಟ್ರು ನಿಯಮ ಓದಿದರು. ದೋಣಿಯಲ್ಲಿ ಹೋಗುವ ಪ್ರತಿ ಗಂಡಸಿಗೂ ಸಂಘದಲ್ಲಿ ಒಂದು ವೋಟು.

ನಾನು ಎದ್ದು ನಿಂತೆ.

"ಮೀನು ಹಿಡಿಯೋದು ಗಂಡಸರು, ಸರಿ. ಸೀಳೋದು ಯಾರು? ಉಪ್ಪು ಹಚ್ಚೋದು ಯಾರು? ಹನಿ ಬಿತ್ತು ಅಂದ್ರೆ ತಟ್ಟೆ ಬಿಟ್ಟು ಓಡಿಬಂದು ಒಣಗಿಸಿದ್ದನ್ನ ಮುಚ್ಚೋದು ಯಾರು?"

"ಕೂತ್ಕೋ ಸೆಲೀನಾ," ಎಂದ ಅಪ್ಪ.

"ಕೂರಲ್ಲ ಅಪ್ಪಾ. ಸಾಹುಕಾರ ನಮ್ಮನ್ನ ಲೆಕ್ಕಕ್ಕೇ ಇಟ್ಕೊಂಡಿರಲಿಲ್ಲ. ನೀವೂ ಇಟ್ಕೊಳ್ಳದಿದ್ರೆ ನೀವೆಲ್ಲ ಸೇರಿ ಕಟ್ಟೋದು ಸಂಘ ಅಲ್ಲ, ಇನ್ನೊಬ್ಬ ಸಾಹುಕಾರನ್ನ. ದುಡಿಯೋರಿಗೆಲ್ಲ ಒಂದೊಂದು ವೋಟು. ಇದು ನನ್ನ ಪ್ರಸ್ತಾಪ."

"ಯಾರಾದ್ರೂ ಅನುಮೋದಿಸ್ತೀರಾ?" ಎಂದು ಮೇಷ್ಟ್ರು ಕೇಳಿದರು.

"ನಾನು." ಎದುರು ಗೋಡೆಯಿಂದ ಆಂಬ್ರೋಸ್ ಎದ್ದ. ಮೇಷ್ಟ್ರನ್ನು ನೋಡಬೇಕಾದವನು ನನ್ನನ್ನು ನೋಡುತ್ತಿದ್ದ.

"ಯಾವ ಪ್ರಸ್ತಾಪಕ್ಕೋ ಹ್ಞೂಂ ಅಂತಿದೀಯ, ಆಂಬ್ರೋಸ್?" ಎಂದು ಹಿಂದಿನಿಂದ ಯಾರೋ ಕೂಗಿದರು.

ಇಡೀ ಸಭೆ ನಕ್ಕಿತು. ಎರಡು ರೇವಿನವರು ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ನಾನು ಕಂಡಂತೆ ಅದೇ ಮೊದಲು. ನನ್ನ ಕಿವಿ ಸುಡುತ್ತಿತ್ತು. ಆದರೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ, ಯಾಕೆ ತೆಗೆಯಬೇಕು? ಅಷ್ಟರಲ್ಲಿ ನಮ್ಮ ನೆರೆಮನೆಯ ಮುದುಕಿ ಟ್ರೈಫಿನಾ ಅತ್ತೆ ಕೋಲು ಕುಟ್ಟಿದಳು. "ವೋಟು ಕೊಡದಿದ್ರೆ ನಾಳೆಯಿಂದ ನಿಮ್ಮ ಮೀನು ನೀವೇ ಸೀಳ್ಕೊಳ್ಳಿ!"

ಒಂದೊಂದೇ ಕೈ ಮೇಲೆದ್ದವು. ಸ್ವಲ್ಪ ತಡವಾಗಿ ಅಪ್ಪನದೂ.

ಆದರೆ ಮನೆಗೆ ಬರುವ ದಾರಿಯಲ್ಲಿ ಅಪ್ಪ ನಿಂತು ಹೇಳಿದ, "ಅವರ ಜೊತೆ ಮೀನು ಮಾರ್ತೀನಿ. ಮಗಳನ್ನ ಕೊಡಲ್ಲ. ಅವನ ಹಿಂದೆ ಹೋದ್ರೆ ನಮ್ಮ ಬಾಗಿಲು ನಿನಗಿಲ್ಲ."

"ಸರ್ಕಾರ ಎಬ್ಬಿಸೋಕೆ ಬಂದಾಗ ನೀನೂ ಏಳಲಿಲ್ಲ, ನಾನೂ ಏಳಲಿಲ್ಲ. ಈಗ ನೀನೇ ಎಬ್ಬಿಸ್ತೀಯಾ ಅಪ್ಪಾ?"

ಅವನು ಬಿರಬಿರನೆ ಮುಂದೆ ನಡೆದ. ಅಂದಿನಿಂದ ಅಡುಗೆಮನೆಯಲ್ಲಿ ನಮ್ಮಿಬ್ಬರ ಮಾತು ನಿಂತುಹೋಯಿತು.

ಕಮ್ಮಾರ ಬೀಗ ತೆಗೆದುಕೊಟ್ಟ ಸಾಹುಕಾರನ ಕೊಟ್ಟಿಗೆಯಲ್ಲಿ ಬೇಸಗೆಯಿಡೀ ಸುತ್ತಿಗೆಯ ಸದ್ದು. ಹಲಗೆಗಳ ಸಂದಿಗೆ ಡಾಂಬರು ಹಚ್ಚಿದ ನಾರು ತುಂಬುವ ಕೆಲಸಕ್ಕೆ ನಾನೂ ಸೇರಿದೆ. ದೋಣಿಯ ಒಳಗಡೆ ಅವನು, ಹೊರಗಡೆ ನಾನು. ಇನ್ನೂ ಮುಚ್ಚದ ಸಂದಿಗಳಲ್ಲಿ ಬೂದುಗಣ್ಣು ಕಾಣುವುದು, ಮಾಯವಾಗುವುದು.

"ಸೆಲೀನಾ," ಎಂದ ಒಂದು ದಿನ ಒಳಗಿನಿಂದ. "ನೋವಾ ಸ್ಕೋಷಿಯಾದಿಂದ ಹಳೇ ಕೆಲಸಕ್ಕೆ ವಾಪಸ್ ಕರೀತಿದಾರೆ. ಬರ್ತೀಯಾ? ಅಲ್ಲಿ ಯಾವ ಇಗರ್ಜಿ ಅಂತ ಯಾರೂ ಕೇಳಲ್ಲ."

ನಾರು ತುರುಕುತ್ತಿದ್ದ ನನ್ನ ಉಳಿ ನಿಂತಿತು. "ಪ್ರೀತಿ ಮಾಡ್ತೀನಿ ಅಂತ ಹೇಳೋ ರೀತೀನಾ ಇದು?"

"ಮಾಡ್ತೀನಿ. ಬಕೆಟ್ ನೀರು ಬಿದ್ದಾಗಿನಿಂದ."

"ನಾನೂ. ಅದಕ್ಕೇ ಬರಲ್ಲ. ಹೊರಗಿನವರು ಓಡಿಸೋಕೆ ನೋಡಿದಾಗ ಕಚ್ಚಿಕೊಂಡು ನಿಂತು, ಈಗ ನಾವಾಗೇ ಓಡೋದಾ? ಇದ್ರೆ ಇಲ್ಲೇ, ಎಲ್ಲರ ಕಣ್ಣೆದುರಿಗೆ."

"ನಿಮ್ಮ ರೇವಲ್ಲಿ ನನಗೆ ಜಾಗ ಇಲ್ಲ. ನಮ್ಮದ್ರಲ್ಲಿ ನಿನಗಿಲ್ಲ."

"ಹಾಗಾದ್ರೆ ನಡುವೆ."

ಒಳಗೆ ಸುತ್ತಿಗೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಸಂದಿಯಿಂದ ಡಾಂಬರು ಮೆತ್ತಿದ ಎರಡು ಬೆರಳು ಹೊರಬಂದವು. ಹಿಡಿದುಕೊಂಡೆ.

ಶರತ್ಕಾಲಕ್ಕೆ ದೋಣಿ ನೀರಿಗಿಳಿಯಿತು, ಮೀನು ತಂದಿತು. ಸಂಘದ ಮೊದಲ ಸರಕು ಸಾಹುಕಾರನ ಮುದ್ರೆಯಿಲ್ಲದೆ ಹಡಗೇರಿತು. ಸರ್ಕಾರದ ಅಧಿಕಾರಿಗಳು ಮತ್ತೆ ಬರಲಿಲ್ಲ.

ಟ್ರೈಫಿನಾ ಅತ್ತೆಯ ತಮ್ಮ ಪಟ್ಟಣಕ್ಕೆ ಹೋಗುವಾಗ ಬಿಟ್ಟುಹೋದ ಪುಟ್ಟ ಮರದ ಮನೆ ಬಡಗಣ ರೇವಿನಲ್ಲಿ ಖಾಲಿ ಬಿದ್ದಿತ್ತು. ಅದನ್ನು ಅತ್ತೆ ನಮಗೆ ಕೊಟ್ಟಳು. ಹಿಮ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಮರದ ದಿಮ್ಮಿಗಳ ಮೇಲೆ ಮನೆಯನ್ನು ಕೂರಿಸಿ, ಹಗ್ಗ ಬಿಗಿದು, ಬೋರೆಯ ಕಡೆಗೆ ಎಳೆಯತೊಡಗಿದೆವು. ಒಂದು ಹಗ್ಗಕ್ಕೆ ಬಡಗಣದವರು, ಇನ್ನೊಂದಕ್ಕೆ ತೆಂಕಣದವರು. ಇಬ್ಬರ ಪಾದ್ರಿಗಳೂ ಬರಲಿಲ್ಲ. ನಮ್ಮ ಮದುವೆಯನ್ನೂ ಪಕ್ಕದ ದ್ವೀಪದ ಪಾದ್ರಿಯೇ ಮಾಡಿಸಿದ್ದರು.

ಏರಿನಲ್ಲಿ ಮನೆ ಸಿಕ್ಕಿಬಿತ್ತು. ಹಿಂದಕ್ಕೆ ಜಾರತೊಡಗಿತು. ಆಂಬ್ರೋಸ್ ಹಿಮ್ಮಡಿ ಊರಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡ, ಅವನೂ ಜಾರಿದ.

"ಲೋ, ಎಡಗಡೆಯವರು ಸಡಿಲ ಬಿಡಬೇಡ್ರೋ! ಮನೆ ಎಳೀತಿದೀರೋ, ಕುರಿ ಎಳೀತಿದೀರೋ?"

ಅಪ್ಪ! ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿ ಬಂದವನೇ ಆಂಬ್ರೋಸನ ಹಿಂದೆ ನಿಂತು ಹಗ್ಗ ಹಿಡಿದ. "ಈಗ ಎಲ್ಲರೂ! ಐಸಾ!"

"ಐಸಾ!" ಎಂದವು ಎರಡೂ ಸಾಲುಗಳು.

ಬೋರೆಯ ನೆತ್ತಿಯಲ್ಲಿ ಮನೆ ನಿಂತಿತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಆಂಬ್ರೋಸನ ಮುಖ ನೋಡದೆ ಹೇಳಿದ, "ಬಾಗಿಲಿಗೆ ಒಳ್ಳೇ ಅಗುಳಿ ಹಾಕ್ಸು. ಇಲ್ಲಿ ಗಾಳಿ ಜೋರು."

"ಹಾಕಿಸ್ತೀನಿ ಮಾವ."

ಆ ಮಾತಿಗೆ ಅಪ್ಪ ಬೇಡ ಎನ್ನಲಿಲ್ಲ. ನಾನು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಹೊರಗೆ ಯಾರೋ, ಹೊಗೆ ಎರಡೂ ರೇವಿಗೂ ಕಾಣುತ್ತೆ ಎಂದು ಪಿಸುಗುಟ್ಟಿದರು.

ಕಾಣಲಿ ಎಂದೇ ಒಲೆಗೆ ಇನ್ನೊಂದು ಕೊರಡು ಹಾಕಿದೆ.