ಮೊದಲ ಸಾಲಿನ ಎರಡು ಕುರ್ಚಿ

ಹೋಟೆಲಿನಲ್ಲಿ ಇನ್ನೂ ಕಾಫಿಯ ವಾಸನೆ ಏಳುವ ಮೊದಲೇ ಅವಳು ಎದ್ದು ಹೋಗಿ ಕುರ್ಚಿ ಹಿಡಿದಿದ್ದಳು. ಸಮುದ್ರದ ಎದುರಿನ ಮೊದಲ ಸಾಲಿನಲ್ಲಿ, ದೊಡ್ಡ ಛತ್ರಿಯ ಕೆಳಗಿನ ಎರಡು ಒರಗು ಕುರ್ಚಿಗಳ ಮೇಲೆ ನೀಲಿ ಟವೆಲ್ ಹಾಸಿ, ಗಾಳಿಗೆ ಹಾರದಿರಲಿ ಎಂದು ಒಂದೊಂದರ ಮೇಲೂ ಒಂದೊಂದು ಚಪ್ಪಲಿ ಇಟ್ಟು, ಕೋಟೆ ಗೆದ್ದವಳ ಹಾಗೆ ಬರಿಗಾಲಲ್ಲಿ ರೂಮಿಗೆ ಮರಳಿದ್ದಳು. ತಿಂಡಿ ಮುಗಿಸಿ, ಮಂಡಿನೋವಿನ ಚಿಕ್ಕಮ್ಮನ ಕೈ ಹಿಡಿದು ನಡೆಸಿಕೊಂಡು ಬಂದು ನೋಡಿದರೆ ಒಂದು ಕುರ್ಚಿಯಲ್ಲಿ ಯಾರೋ ದಢೂತಿ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಇನ್ನೊಂದರಲ್ಲಿ ಅವನ ಹೆಂಡತಿ. ಟವೆಲೂ ಇಲ್ಲ, ಚಪ್ಪಲಿಯೂ ಇಲ್ಲ.

ಅವಳಿಗೆ ಕೋಪ ಬಂದರೆ ಯಾರನ್ನು ಕೇಳಬೇಕೋ ಅವರನ್ನೇ ನೇರವಾಗಿ ಕೇಳುವ ಸ್ವಭಾವ. ಪಕ್ಕದಲ್ಲೇ ಏಣಿಯಿದ್ದ ಎತ್ತರದ ಮರದ ಪೀಠ. ಅದರ ಮೇಲೆ ಕೆಂಪು ಟೀ ಶರ್ಟು, ಕೊರಳಲ್ಲಿ ಸೀಟಿ, ಕಪ್ಪು ಕನ್ನಡಕ. ಈಜುವವರನ್ನು ಕಾಯುವ ಲೈಫ್‌ಗಾರ್ಡ್.

“ನನ್ನ ಚಪ್ಪಲಿ ಎಲ್ರೀ?”

“ಆ ಬುಟ್ಟಿಯಲ್ಲಿದೆ ನೋಡಿ ಮೇಡಂ. ಜನ ಇಲ್ಲದ ಟವೆಲ್‌ಗೆ ಇಲ್ಲಿ ಕುರ್ಚಿ ಇಲ್ಲ. ಬೆಳಿಗ್ಗೆ ಈಜೋಕೆ ಬಿಡೋ ಬಾವುಟ ಏರಿಸೋ ಮುಂಚೆ ಎಲ್ಲಾ ತೆಗೆದುಬಿಡ್ತೀನಿ.”

ಮಾತೇನೋ ಮರ್ಯಾದೆಯದ್ದೇ. ಮುಖ ಮಾತ್ರ ಸಮುದ್ರದ ಕಡೆಗಿತ್ತು.

“ಮಾತಾಡುವಾಗ ಎದುರಿಗಿರೋರ ಮುಖ ನೋಡೋ ಅಭ್ಯಾಸ ಇಲ್ವಾ ನಿಮಗೆ?”

“ಡ್ಯೂಟಿಯಲ್ಲಿ ಇಲ್ಲ ಮೇಡಂ.”

“ಕೊಬ್ಬು,” ಎಂದಳು ವಾಪಸ್ಸು ಬಂದು.

“ಇರ್ಲಿ ಬಿಡೇ ಪುಟ್ಟಿ, ನೋಡೋಕೆ ಚೆನ್ನಾಗಿದ್ದಾನೆ,” ಎಂದರು ಚಿಕ್ಕಮ್ಮ.

ಅವಳದು ಕನ್ನಡಕದ ಅಂಗಡಿ. ದಿನವೂ ಜನರ ಕಣ್ಣಲ್ಲಿ ಕಣ್ಣಿಟ್ಟು ಅಳತೆ ತೆಗೆಯುವುದೇ ಕೆಲಸ. ಕಣ್ಣು ತಪ್ಪಿಸುವವರನ್ನು ಕಂಡರೆ ಅವಳಿಗೆ ಆಗದು. ಒಳಗೊಂದು ಹೊರಗೊಂದು ಇರುವವರೇ ಹಾಗೆ ಮಾಡುವುದು ಎಂದು ಅವಳ ತೀರ್ಮಾನ. ಸಮುದ್ರ ಕಾಯುವುದು ಅವನ ಕೆಲಸವೆಂದು ಅವಳಿಗೂ ಗೊತ್ತು. ಆದರೆ ಪಕ್ಕದ ಹೋಟೆಲಿನ ಲೈಫ್‌ಗಾರ್ಡ್‌ಗಳು ಗೆಸ್ಟ್‌ಗಳ ಜೊತೆ ನಗುತ್ತಾರೆ, ಸೆಲ್ಫಿಗೆ ನಿಲ್ಲುತ್ತಾರೆ. ಇವನೊಬ್ಬನಿಗೇ ಸಮುದ್ರ ಒಂದು ನೆಪ.

ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಅವನ ಕನ್ನಡಕ ಎಡಗಡೆಗೆ ವಾಲಿತ್ತು.

ಮರುದಿನ ಅವಳು ಟವೆಲ್ ಹಾಸಿ ಮರಳಲಿಲ್ಲ, ಅದರ ಮೇಲೆ ತಾನೇ ಕೂತಳು. ಬಾವುಟ ಏರಿ ಅವನು ಪೀಠ ಹತ್ತಿದ ಮೇಲೆ ಕೆಳಗಿನಿಂದ ಕೂಗಿದಳು. “ಈ ಟವೆಲ್ ಮೇಲೆ ಜನ ಇದ್ದೀನಿ. ಈಗೇನು ಮಾಡ್ತೀರಾ?”

“ಏನೂ ಮಾಡೋಕಾಗಲ್ಲ ಮೇಡಂ. ಸೋತೆ.” ಮುಖ ತಿರುಗಲಿಲ್ಲ. ಆದರೆ ಕೆನ್ನೆಯ ಮೇಲೆ ಒಂದು ಗುಳಿ ಬಿದ್ದು ಹೋಯಿತು.

ಆ ಗುಳಿಯೇ ಎಲ್ಲಕ್ಕೂ ಕಾರಣ. ಅದನ್ನು ಇನ್ನೊಮ್ಮೆ ಬೀಳಿಸಿ ನೋಡಬೇಕೆಂದು ಅವಳಿಗೆ ಹಟ ಹತ್ತಿತು. ದಿನವೂ ಆ ಪೀಠದ ಬುಡದ ಕುರ್ಚಿಯಲ್ಲೇ ಕೂತು ಮಾತಿಗೆ ಎಳೆದಳು. ಅವನು ಸಮುದ್ರಕ್ಕೆ ಹೇಳುವವನಂತೆ ಉತ್ತರ ಕೊಡುತ್ತಿದ್ದ. ಅಲೆ ಒಡೆಯದೆ ಸಪಾಟಾಗಿ ಕಾಣುವ ಜಾಗವೇ ಅಪಾಯದ್ದು, ಅಲ್ಲಿ ನೀರು ಒಳಗೆಳೆಯುತ್ತದೆ ಎಂದ. ಓದಿಸಿದ್ದು ಅಕ್ಕ ಎಂದ, ಈಜು ಕಲಿಸಿದ್ದೂ ಅಕ್ಕನೇ, ಕಲಿಸಿದ್ದಲ್ಲ, ದೋಣಿಯಿಂದ ತಳ್ಳಿದ್ದು ಎಂದ. ಅವಳು ಬಿದ್ದು ಬಿದ್ದು ನಕ್ಕಳು. ಅವಳ ನಗು ಕೇಳಿ ಅವನ ಗುಳಿ ಬಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಟೋಪಿಯನ್ನು ಮುಖಕ್ಕೆಳೆದುಕೊಂಡು, ನಿದ್ದೆ ಬಂದವರ ಹಾಗೆ, ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು.

ಒಂದು ಮಧ್ಯಾಹ್ನ ತಡೆಯಲಾಗದೆ ಕೈ ಚಾಚಿದಳು. “ಆ ಕನ್ನಡಕ ಕೊಡಿ ಇಲ್ಲಿ. ನಾಲ್ಕು ದಿನದಿಂದ ನೋಡ್ತಿದ್ದೀನಿ, ನನ್ನ ಕತ್ತೇ ವಾಲೋಕೆ ಶುರುವಾಗಿದೆ.”

ಅವನು ಸಮುದ್ರ ನೋಡುತ್ತಲೇ ಕನ್ನಡಕ ತೆಗೆದು ಕೆಳಗೆ ಚಾಚಿದ. ಅಂಗಡಿಯಲ್ಲಾದರೆ ಕನ್ನಡಕದ ಕಡ್ಡಿಯನ್ನು ಬಿಸಿ ಮರಳಿನ ಡಬ್ಬಿಯಲ್ಲಿ ಹೂತು ಮೆತ್ತಗೆ ಮಾಡುತ್ತಾಳೆ. ಇಲ್ಲಿ ಬಿಸಿ ಮರಳಿಗೇನು ಬರ? ಕಾಲ ಬಳಿಯೇ ಹೂತಿಟ್ಟು, ತೆಗೆದು, ಹೆಬ್ಬೆರಳಲ್ಲಿ ಮೆಲ್ಲಗೆ ಬಗ್ಗಿಸಿದಳು. ಏಣಿ ಹತ್ತಿ ತಾನೇ ತೊಡಿಸಲು ಹೋದಳು.

“ಸ್ವಲ್ಪ ಪಕ್ಕಕ್ಕೆ ಬನ್ನಿ. ನೀರು ಕಾಣ್ತಿಲ್ಲ.”

ಒಬ್ಬ ಹೆಣ್ಣಿಗೆ ಆಡುವ ಮಾತೇ ಇದು! ಆದರೂ ಪಕ್ಕಕ್ಕೆ ಸರಿದು, ಅವನ ಕಿವಿಯ ಹಿಂದೆ ಬೆರಳಾಡಿಸಿ, ಕಡ್ಡಿ ಕೂತಿದೆಯೇ ಎಂದು ನೋಡಿದಳು. ಕೂದಲಲ್ಲಿ ಉಪ್ಪಿತ್ತು. ಅವನು ಉಸಿರು ಹಿಡಿದು ಕೂತಿದ್ದ. ಅವಳ ಬೆರಳು ತಾಕಿದ ಕಿವಿ ನೋಡನೋಡುತ್ತ ಕೆಂಪಾಯಿತು. ಅದು ಬಿಸಿಲಿನ ಕೆಂಪಲ್ಲ. ಮುಖ ಮಾತ್ರ ಆಗಲೂ ತಿರುಗಲಿಲ್ಲ.

ಅವಳು ಮುಖ ಊದಿಸಿಕೊಂಡು ಏಣಿ ಇಳಿದಳು. “ಇಷ್ಟು ಹತ್ತಿರ ಬಂದವಳ ಕಡೆ ಒಂದು ಸಲ ನೋಡಿದ್ರೆ ನಿಮ್ಮ ಸಮುದ್ರ ಏನು ಓಡಿಹೋಗ್ತಿತ್ತಾ?”

ತಲೆಯೆತ್ತಿ ನೋಡಿದರೆ ಪೀಠ ಖಾಲಿ. ಅವನು ಆಗಲೇ ಮರಳು ದಾಟಿ ನೀರಿಗೆ ಹಾರಿದ್ದ. ದೂರದಲ್ಲಿ, ಅಲೆ ಒಡೆಯದ ಆ ಸಪಾಟು ಜಾಗದಲ್ಲಿ, ಗೊರಕೆಯ ಮನುಷ್ಯ ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿಕೊಂಡೇ ಆಳದ ಕಡೆ ತೇಲಿ ಹೋಗುತ್ತಿದ್ದ. ಅವನಿಗೆ ಎಚ್ಚರವಾದದ್ದು ಲೈಫ್‌ಗಾರ್ಡ್ ಹಾಸಿಗೆ ಸಮೇತ ದಡಕ್ಕೆ ಎಳೆದು ತಂದ ಮೇಲೆ. “ಊಟಕ್ಕೆ ಕರೀತಿದ್ದೀರಾ?” ಎಂದು ಕೇಳಿದನಂತೆ. ಹೆಂಡತಿ ಅವನಿಗೆ ಬೈಯುತ್ತ ಬೈಯುತ್ತ ಅತ್ತುಬಿಟ್ಟಳು.

ಲೈಫ್‌ಗಾರ್ಡ್ ನೀರಿಳಿಯುತ್ತ ಬಂದು ಪೀಠ ಹತ್ತಿ, ಮತ್ತೆ ಸಮುದ್ರಕ್ಕೆ ಮುಖ ಮಾಡಿ ಕೂತ.

“ಸಾರಿ,” ಎಂದಳು ಅವಳು ಪೀಠದ ಬುಡದಿಂದ. “ನಿಮ್ಮನ್ನ ಕೊಬ್ಬಿನವರು ಅಂದ್ಕೊಂಡಿದ್ದೆ.”

“ನಾಳೆಯಿಂದ ಬೇರೆ ಸಾಲಿನಲ್ಲಿ ಕೂತ್ಕೊಳ್ಳಿ ಮೇಡಂ.”

“ಯಾಕೆ?”

ಅವನು ಕೂದಲಿನ ನೀರು ಒರೆಸಿಕೊಂಡ. “ನೀವು ಕನ್ನಡಕ ಹಾಕ್ತಿದ್ದಾಗ ತಿರುಗಿಬಿಡ್ತಿದ್ದೆ. ಇನ್ನೇನು ತಿರುಗೇಬಿಟ್ಟಿದ್ದೆ. ತಿರುಗಿದ್ದಿದ್ರೆ ಆ ಮನುಷ್ಯ ಇರ್ತಿರಲಿಲ್ಲ.”

ಇಂಥ ಮಾತು ಕೇಳಿ ಸುಮ್ಮನೆ ಎದ್ದು ಹೋಗುವವಳಲ್ಲ ಅವಳು. “ಹಾಗಾದ್ರೆ ಸಂಜೆ ಬಾವುಟ ಇಳಿಸಿದ ಮೇಲೆ ಕಾಫಿಗೆ ಬನ್ನಿ. ಆಗ ಎಷ್ಟು ಬೇಕಾದ್ರೂ ತಿರುಗಬಹುದು.”

“ಗೆಸ್ಟ್‌ಗಳ ಜೊತೆ ಕೂರೋ ಹಾಗಿಲ್ಲ. ಹೋದ ವರ್ಷ ಒಬ್ಬನ್ನ ಅದಕ್ಕೇ ಮನೆಗೆ ಕಳಿಸಿದ್ರು.” ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದವನ ಧ್ವನಿ ತಗ್ಗಿತು. “ಆಗಲ್ಲ ಮೇಡಂ.”

ರೂಮಿಗೆ ಬಂದವಳು ಕರ್ಟನ್ ಎಳೆದು ಮಲಗಿಬಿಟ್ಟಳು. ಭಾನುವಾರ ಊರಿಗೆ ಹೊರಡಬೇಕು. ಅಂಗಡಿ, ಅಳತೆ, ಗಿರಾಕಿಗಳ ಕಣ್ಣು, ಎಲ್ಲ ಮೊದಲಿನಂತೆಯೇ ಇರುತ್ತದೆ. ಈ ಒಂದು ಜೊತೆ ಕಣ್ಣನ್ನು ನೋಡದೆಯೇ ಹೋಗಬೇಕೆಂದರೆ ಅವಳಿಗೆ ನಿಜವಾಗಿಯೂ ನೋವಾಯಿತು.

ಚಿಕ್ಕಮ್ಮ ಮಂಡಿಗೆ ಮುಲಾಮು ತಿಕ್ಕುತ್ತ ಎಲ್ಲವನ್ನೂ ಕೇಳಿಸಿಕೊಂಡರು. “ಆಗಲ್ಲ ಅಂದ್ನಾ, ಬೇಡ ಅಂದ್ನಾ?”

“ಆಗಲ್ಲ ಅಂದ.”

“ಮತ್ತೆ ಅಳೋದ್ಯಾಕೆ? ಬೇಡ ಅಂದಿದ್ರೆ ನಾನೂ ಜೊತೆಗೆ ಕೂತು ಅಳ್ತಿದ್ದೆ.”

ಅವಳು ಧಡಕ್ಕನೆ ಎದ್ದು ಕೂತಳು. ಗೆಸ್ಟ್ ಆಗಿರುವುದೇ ತೊಂದರೆಯಾದರೆ, ಅದನ್ನು ಬಿಡುವುದು ಎಷ್ಟು ಹೊತ್ತಿನ ಕೆಲಸ?

ಬೆಳಿಗ್ಗೆ ರಿಸೆಪ್ಷನ್ ಹುಡುಗಿ ಗಾಬರಿಯಾದಳು. “ಚೆಕ್ ಔಟಾ? ರೂಮಲ್ಲಿ ಏನಾದ್ರೂ ತೊಂದರೆ ಆಯ್ತಾ ಮೇಡಂ?”

“ರೂಮ್ ಚೆನ್ನಾಗಿದೆ. ನನ್ನ ಹೆಸರು ಮಾತ್ರ ತೆಗೀರಿ. ನಮ್ಮ ಚಿಕ್ಕಮ್ಮ ಇರ್ತಾರೆ.”

“ನಾನು ಎಸಿ ಬಿಟ್ಟು ಎಲ್ಲಿಗೂ ಬರಲ್ಲಮ್ಮ,” ಎಂದರು ಚಿಕ್ಕಮ್ಮ. “ನಿನ್ನ ಪ್ರೇಮಕ್ಕೆ ನನ್ನ ಮಂಡಿ ಯಾಕೆ ನೋಯಬೇಕು?”

ಹೋಟೆಲಿನ ಹಿಂದಿನ ಬೀದಿಯಲ್ಲಿ ಬ್ಯಾಗು ಎಳೆದುಕೊಂಡು ಹೊರಟಳು. ಎರಡೂ ಕಡೆ ಟೋಪಿ, ಈಜುಡುಗೆ, ಪ್ಲಾಸ್ಟಿಕ್ ಬಕೆಟ್ಟು ನೇತುಹಾಕಿದ ಅಂಗಡಿಗಳು, ಹಾರ್ನ್ ಹೊಡೆಯುವ ಟೂರಿಸ್ಟ್ ಬಸ್ಸುಗಳು. ಆಟದ ಸಾಮಾನಿನ ಅಂಗಡಿಯೊಂದರ ಮಾಳಿಗೆಯಲ್ಲಿ ಲಾಡ್ಜ್ ಸಿಕ್ಕಿತು. ಗಡಗಡ ಎನ್ನುವ ಫ್ಯಾನು, ತೆರೆದರೆ ಎದುರಿನ ಗೋಡೆ ತೋರಿಸುವ ಕಿಟಕಿ. ಅವಳಿಗೆ ಅದು ಅರಮನೆಯಂತೆ ಕಂಡಿತು.

ಬಾವುಟ ಇಳಿಯುವ ಹೊತ್ತಿಗೆ ಅವಳು ಹೋಟೆಲಿನ ಗಡಿಗೆ ಕಟ್ಟಿದ ಹಗ್ಗದಾಚೆಯ ಸಾರ್ವಜನಿಕ ಬೀಚಿನಲ್ಲಿದ್ದಳು. ಎರಡು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಹಿಡಿದು, ನೀರಿನ ಎದುರಿಗೇ ಹಾಕಿಸಿ, ಒಂದರಲ್ಲಿ ತಾನು ಕೂತು, ಇನ್ನೊಂದರ ಮೇಲೆ ಟವೆಲ್ ಹಾಸಿ ಚಪ್ಪಲಿ ಇಟ್ಟಳು.

ಅವನು ಬಾವುಟ ಸುತ್ತಿಕೊಂಡು ಬಂದವನು ಹಗ್ಗದ ಬಳಿ ನಿಂತುಬಿಟ್ಟ. “ಹೊರಟುಹೋದ್ರಿ ಅಂದ್ರು ರಿಸೆಪ್ಷನ್‌ನಲ್ಲಿ.”

“ಹೋಟೆಲಿಂದ ಹೋದೆ. ಈಗ ನಾನು ಯಾರ ಗೆಸ್ಟೂ ಅಲ್ಲ.”

“ಆ ಟವೆಲ್ ಯಾರದ್ದು?”

“ನಿಮ್ಮದು. ಜನ ಇಲ್ಲದ ಟವೆಲ್ ಜಾಸ್ತಿ ಹೊತ್ತು ಇರೋ ಹಾಗಿಲ್ಲವಂತೆ. ಬೇಗ ಬನ್ನಿ.”

ಅವನು ಬಾವುಟ ಹೆಗಲಿಗೇರಿಸಿ ಹೋಟೆಲಿನ ಒಳಗೆ ಹೋದ. ಅವಳಿಗೆ ಒಂದು ಗಳಿಗೆಯೂ ಅನುಮಾನ ಬರಲಿಲ್ಲ ಎಂದರೆ ಸುಳ್ಳಾದೀತು; ಒಂದೇ ಒಂದು ಗಳಿಗೆ ಬಂತು. ಅಷ್ಟರಲ್ಲಿ ಕೆಂಪು ಟೀ ಶರ್ಟು ಬದಲಾಯಿಸಿ, ಸೀಟಿಯಿಲ್ಲದ ಕೊರಳಲ್ಲಿ ಅವನು ಹಗ್ಗದಡಿ ನುಸುಳಿ ಬಂದ. ಅವಳ ಚಪ್ಪಲಿಯನ್ನು ಎತ್ತಿ, ಮರಳು ಕೊಡವಿ, ಅವಳ ಕಾಲ ಬಳಿ ಇಟ್ಟ. ಆಮೇಲೆ ಕುರ್ಚಿಯನ್ನು ಪೂರ್ತಿ ತಿರುಗಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಅವಳೆದುರು ಕೂತು, ಕನ್ನಡಕ ತೆಗೆದ.

ಬಿಸಿಲಿಗೆ ಕಪ್ಪಿಟ್ಟ ಮುಖದಲ್ಲಿ ಕಣ್ಣ ಸುತ್ತ ಮಾತ್ರ ಬಿಳಿಚಿಕೊಂಡಿತ್ತು. ಕಂದು ಕಣ್ಣು. ಅಂಗಡಿಯಲ್ಲಿ ಸಾವಿರ ಕಣ್ಣು ನೋಡಿದವಳಿಗೆ ಈ ಎರಡರ ಎದುರು ಮಾತೇ ಮರೆತುಹೋಯಿತು. ಅವನು ರೆಪ್ಪೆ ಮಿಟುಕಿಸದೆ, ಅವಳ ಹಣೆ, ಮೂಗು, ಗಾಳಿಗೆ ಹಾರುವ ಕೂದಲು, ಎಲ್ಲವನ್ನೂ ಬಾಕಿ ತೀರಿಸುವವನ ಹಾಗೆ ನೋಡುತ್ತಿದ್ದ.

“ಸೀಸನ್ ಮುಗಿದ ಮೇಲೆ ಇಲ್ಲಿ ಯಾರೂ ನೀರಿಗಿಳಿಯಲ್ಲ. ನನಗೂ ಕೆಲಸ ಇರಲ್ಲ,” ಎಂದ. “ನಿಮ್ಮೂರಲ್ಲಿ ಸ್ವಿಮ್ಮಿಂಗ್ ಪೂಲ್ ಇದ್ಯಾ?”

“ಅಂಗಡಿ ಹಿಂದಿನ ಬೀದಿಯಲ್ಲೇ ಇದೆ. ಬರ್ತೀರಾ?”

“ಬರ್ತೀನಿ. ನಿಮಗೋಸ್ಕರ ಬರ್ತೀನಿ, ಪೂಲ್‌ಗಲ್ಲ.”

ಹಿಂದೆ ಯಾರೋ ನೀರಲ್ಲಿ ಕೇಕೆ ಹಾಕಿದರು. ಅವನ ಭುಜ ಅಭ್ಯಾಸಬಲದಿಂದ ಒಮ್ಮೆ ಸೆಟೆಯಿತು. ಅವಳು ಅವನ ಭುಜದ ಮೇಲಿಂದ ನೋಡಿದಳು. ಆ ಬೀಚಿನ ಗಾರ್ಡ್ ತನ್ನ ಪೀಠದಲ್ಲೇ ಇದ್ದ; ಮೊಣಕಾಲುದ್ದ ನೀರಿನಲ್ಲಿ ಮಕ್ಕಳು ಕುಣಿಯುತ್ತಿದ್ದರು.

“ಏನಿಲ್ಲ, ಮಕ್ಕಳು ಆಟ ಆಡ್ತಿದ್ದಾರೆ,” ಎಂದಳು. “ನೀವು ಈ ಕಡೆ ನೋಡಿ. ಆ ಕಡೆ ನಾನು ನೋಡ್ಕೋತೀನಿ.”

ಅವನ ಕೆನ್ನೆಯಲ್ಲಿ ಗುಳಿ ಬಿತ್ತು. ಈ ಸಲ ಅದು ಎರಡೂ ಕಡೆ ಬೀಳುತ್ತದೆಂದು ಅವಳಿಗೆ ಗೊತ್ತಾಯಿತು.